ನಾಲ್ಕು ನ್ಯೂಟ್ರಾನ್

ಆ ಹೆಂಗಸಿಗೆ ಥೈರಾಯ್ಡ್ ಗ್ರಂಥಿ ಇರಲಿಲ್ಲ. ಕ್ಯಾನ್ಸರ್ ಎಂದು ತೆಗೆದಿದ್ದರು. ಕುತ್ತಿಗೆಯ ಹೊಲಿಗೆಯ ಗೆರೆ ಇನ್ನೂ ಕೆಂಪಗಿತ್ತು. ಆಸ್ಪತ್ರೆಯ ಬೆಂಚಿನಲ್ಲಿ ಅವಳ ಪಕ್ಕ ತಂಗಿ ಕೂತಿದ್ದಳು, ಹೈಸ್ಕೂಲಿನ ವಿಜ್ಞಾನ ಟೀಚರ್. ನಾನು ಎದುರು ಬೆಂಚಿನಲ್ಲಿ ನನ್ನ ಸರದಿ ಕಾಯುತ್ತಿದ್ದೆ.

“ಎರಡು ವಾರ ಅಯೋಡಿನ್ ಇಲ್ಲದ ಉಪ್ಪು ತಿನ್ನಿಸಿ, ಈಗ ಅಯೋಡಿನ್ನೇ ಕುಡಿಸ್ತಾರಂತೆ. ಇವರಿಗೆ ತಲೆ ಕೆಟ್ಟಿದ್ಯೇನೇ?”

“ಹಸಿದಿದ್ರೆ ತಾನೇ ಅಕ್ಕ, ಉಳಿದಿರೋ ಕ್ಯಾನ್ಸರ್ ಚೂರು ಇದನ್ನ ನುಂಗೋದು.”

“ಉಪ್ಪಲ್ಲಿರೋದೂ ಇದೂ ಒಂದೇನಾ?”

“ಪರಮಾಣು ಸಂಖ್ಯೆ ಒಂದೇ, ಐವತ್ಮೂರು. ಅಷ್ಟು ಪ್ರೋಟಾನ್ ಇದ್ರೇನೇ ಅದು ಅಯೋಡಿನ್. ತೂಕ ಬೇರೆ. ಅದು ನೂರಿಪ್ಪತ್ತೇಳು, ಇದು ನೂರಮೂವತ್ತೊಂದು. ನಾಲ್ಕು ನ್ಯೂಟ್ರಾನ್ ಜಾಸ್ತಿ. ಅದಕ್ಕೇ ಸುಮ್ನಿರಲ್ಲ, ಕಿರಣ ಬಿಡತ್ತೆ, ನುಂಗಿದ ಚೂರನ್ನ ಸುಡತ್ತೆ.”

“ಮೈಗೆ ಗೊತ್ತಾಗಲ್ವಾ?”

“ಮೈ ಸಂಖ್ಯೆ ನೋಡತ್ತೆ, ತೂಕ ನೋಡಲ್ಲ.”

“ಆ ನಾಲ್ಕಕ್ಕೇ ಮಗುಗೆ ಹಾಲು ಬಿಡಿಸಿದ್ರಾ?”

“ಹಾಲಿಗೂ ಇಳಿಯತ್ತೆ ಅಕ್ಕ.”

“ಎತ್ಕೊಳ್ಳೋದು?”

“ಇಪ್ಪತ್ತೊಂದು ದಿನ ಬೇಡ ಅಂದಿದ್ದಾರೆ.”

“ನಿನ್ನೆ ಗೋಡೆ ಹಿಡ್ಕೊಂಡು ನಿಂತಿತ್ತು ಕಣೇ. ಅಷ್ಟರಲ್ಲಿ ನಡೆದೇಬಿಡತ್ತೆ.”



ನರ್ಸ್ ಕರೆದಳು. ಅಕ್ಕ ಕೈಗಡಿಯಾರ ಬಿಚ್ಚಿ ತಂಗಿಯ ಕೈಗಿಟ್ಟು ಒಳಗೆ ಹೋದಳು. ಅವಳು ಬಿಟ್ಟುಕೊಟ್ಟಿದ್ದು ಒಂದು ಗ್ರಂಥಿ, ಎದೆಹಾಲು, ಇಪ್ಪತ್ತೊಂದು ದಿನ. ಬಹುಶಃ ಮಗುವಿನ ಮೊದಲ ಹೆಜ್ಜೆಯೂ.