ಗಂಟು ಹಾಕಿದ ಕೊಟ್ಟೆ

೨೦೦೩ರ ಆಗಸ್ಟ್. ಕುಮಟಾದ ದನದ ಆಸ್ಪತ್ರೆಯಲ್ಲಿ ಕರುವಿನ ಔಷಧಕ್ಕೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬಳು ಅಜ್ಜಿ, ಶಾಲೆಯ ಯೂನಿಫಾರ್ಮಿನಲ್ಲೇ ಬಂದಿದ್ದ ಮೊಮ್ಮಗಳು. ಹೊರಗೆ ಟೆಂಪೋದಲ್ಲಿ ಅವರ ಹಸು ಹೊಟ್ಟೆ ಉಬ್ಬಿ ಬಿದ್ದುಕೊಂಡಿತ್ತು.

"ಡಾಕ್ಟ್ರು ಎಂತ ಹೇಳಿದ್ರು ಅಜ್ಜಿ?" ಮೊಮ್ಮಗಳು ಕೇಳಿದಳು.

"ಹೊಟ್ಟೆ ತುಂಬ ಪ್ಲಾಸ್ಟಿಕ್ ಚೀಲ, ಬರೀ ಕೊಟ್ಟೆಗಳೇ ಅಂದ್ರು. ಕೊಯ್ದು ತೆಗೆದ್ರೂ ಉಳೂದು ಕಷ್ಟ ಅಂತೆ."

"ನಮ್ಮ ಗೌರಿ ಪೇಟೆ ಬದಿಗೆ ಹೋಗೂದೇ ಇಲ್ಲ!"

"ಪೇಟೆಗೆ ಎಂತಕ್ಕೆ ಹೋಗ್ಬೇಕು? ಅಕ್ಕಿ ತೊಳೆದ ಅಕ್ಕಚ್ಚು, ಬಾಳೆಕಾಯಿ ಸಿಪ್ಪೆ ಎಲ್ಲ ನಾನು ಕೊಟ್ಟಿಗೆ ಬಾನಿಗೆ ಹಾಕ್ತಿದ್ದೆ. ನಾರ್ತದೆ ಹೇಳಿ ಬಾನಿ ತೆಗೆಸಿದ್ದು ಯಾರು?"

"ಶಾಲೇಲಿ ಹೇಳಿದ್ರು, ಕಸ ಚೆಲ್ಬಾರ್ದು, ಕಟ್ಟಿ ಇಡ್ಬೇಕು ಅಂತ. ನಾ ಸಿಪ್ಪೆಯೆಲ್ಲ ಪ್ಲಾಸ್ಟಿಕ್ ಕೊಟ್ಟೆಗೆ ತುಂಬಿ, ಬಿಗಿಯಾಗಿ ಗಂಟು ಹಾಕಿ ರಸ್ತೆ ಬದಿಗೆ ಇಡ್ತಿದ್ದೆ."

"ಗಂಟು ಬಿಚ್ಚೂಕೆ ಗೌರಿಗೆ ಕೈ ಇದ್ಯ ಮಗಾ?"

ಹುಡುಗಿ ಅಳತೊಡಗಿದಳು.

"ಬೇರೆಯವ್ರ ಮನೆ ಕಸ ಅದು ಮೂಸಿಯೂ ನೋಡೂದಿಲ್ಲ. ನಾ ಇಟ್ಟಿದ್ದು ಎಂತಕ್ಕೆ ತಿಂತು ಅಜ್ಜಿ?"

"ನಿನ್ನ ಕೈ ವಾಸನೆ ಇತ್ತಲ್ಲ, ಅದಕ್ಕೇ."

ಕಂಪೌಂಡರ್ ಕರೆದ. ಅಜ್ಜಿ ಎದ್ದಳು. ಹುಡುಗಿ ಎರಡೂ ಕೈಗಳನ್ನು ಲಂಗಕ್ಕೆ ಉಜ್ಜಿಕೊಳ್ಳುತ್ತ, ಉಜ್ಜಿಕೊಳ್ಳುತ್ತಲೇ ಅವಳ ಹಿಂದೆ ಟೆಂಪೋದತ್ತ ನಡೆದಳು.