ಐದನೆಯ ತೆನೆ

೧೯೫೮ರಲ್ಲಿ ಕ್ರೈಸ್ತರ ತೆನೆಹಬ್ಬದ ಮಧ್ಯಾಹ್ನ ಬಿ.ಸಿ.ರೋಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಇಗರ್ಜಿಯಿಂದ ಬಂದ ಸೆವ್ರಿನ್ ಬಾಯಿ ಮತ್ತು ಆಕೆಯ ನೆರೆಮನೆಯ ಸೇಸಮ್ಮ ಕೂತಿದ್ದರು. ಮಾತು ತುಳುವಿನಲ್ಲಿ. ಸೇಸಮ್ಮನೇ ಮೊದಲು ಕೇಳಿದ್ದು.

“ಆಶೀರ್ವಾದದ ತೆನೆ ಆಳಿಗೊಂದಲ್ವಾ ಬಾಯಮ್ಮ? ನಿಮ್ಮ ಕೈಯಲ್ಲಿ ಐದುಂಟು.”

“ಮನೆಯಲ್ಲಿ ಎಷ್ಟು ಜನ ಅಂತ ಪಾದ್ರಿಗಳು ಕೇಳಿದರು. ಹಳೇ ಅಭ್ಯಾಸ, ಐದು ಅಂದುಬಿಟ್ಟೆ.”

“ನಿಮ್ಮ ಮಗಳು ಲಿಲ್ಲಿ ತೀರಿಹೋಗಿ ವರ್ಷವಾಯ್ತಲ್ಲ.”

“ಆಯ್ತು. ಅಂದಿನಿಂದ ದೇವರ ಹತ್ತಿರ ಮಾತು ಬಿಟ್ಟಿದ್ದೆ. ಇವತ್ತು ಇಗರ್ಜಿಯಲ್ಲಿ ಮಾತೆ ಮರಿಯಮ್ಮನಿಗೆ ಹೂ ಹಾಕುವಾಗ, ಇವಳ ಮಗನೂ ಇವಳ ಕಣ್ಣೆದುರೇ ಸತ್ತದ್ದಲ್ವಾ ಅನ್ನಿಸಿತು. ಅಲ್ಲೇ ಅತ್ತುಬಿಟ್ಟೆ. ಮನಸ್ಸು ಹಗುರಾಯಿತು.”

“ಐದನೆಯದ್ದು ಹಿಂದೆ ಕೊಡಲಿಲ್ವಾ?”

“ಇಲ್ಲ. ಸೇತುವೆಯಾಚೆ ನರಿಕೊಂಬಿನ ಪಾವ್ಲಿನ್ ಮೊನ್ನೆ ಮಗನನ್ನು ಮಣ್ಣು ಮಾಡಿದಳು. ಹಬ್ಬಕ್ಕೆ ಬರಲಿಲ್ಲ. ಅವಳಿಗೆ ಕೊಟ್ಟು ಬರ್ತೇನೆ.”

“ಏನಂತ ಸಮಾಧಾನ ಹೇಳ್ತೀರಿ?”

“ಏನೂ ಹೇಳುವುದಿಲ್ಲ. ನನಗೆ ಹೇಳಿದವರು ಬಹಳ ಜನ, ಸುಮ್ಮನೆ ಹತ್ತಿರ ಕೂತವರು ಯಾರೂ ಇಲ್ಲ. ನಾನು ಕೂತುಕೊಳ್ತೇನೆ.”

ಅವರ ಊರಿನ ಬಸ್ಸು ಬಂತು. ಸೇಸಮ್ಮ ಏಳಲಿಲ್ಲ.

“ಹೇಳಿದವರಲ್ಲಿ ನಾನೂ ಒಬ್ಬಳು ಬಾಯಮ್ಮ.”

“ಗೊತ್ತುಂಟು.”

“ನಾನೂ ಬರ್ತೇನೆ. ಒಂದು ಮಾತೂ ಆಡುವುದಿಲ್ಲ.”

ಬಸ್ಸು ಹೊರಟುಹೋಯಿತು. ಇಬ್ಬರೂ ಸೇತುವೆಯ ಕಡೆ ನಡೆದರು.