ಬೊಂಬೆ ಮೆಟ್ಟಿಲ ಹಿಂದಿನ ರೂಟರ್

ಹಾಸನದ ಕಂಪ್ಯೂಟರ್ ಅಂಗಡಿಯೊಂದರ ಬಿಲ್ ಸಾಲಿನಲ್ಲಿ ನನ್ನ ಮುಂದೆ ಗಂಡ ಹೆಂಡತಿ ನಿಂತಿದ್ದರು. ಹೊಸ ರೂಟರಿನ ಡಬ್ಬ ಗಂಡನ ಕಂಕುಳಲ್ಲಿತ್ತು.

"ಇದು ತಗೊಂಡ್ರೆ ಸ್ಪೀಡ್ ಬರತ್ತೆ ಅಂತ ಯಾರು ಹೇಳಿದ್ದು?"

"ನಮ್ಮದು ಹಳೇದು ಕಣೇ ಮೈತ್ರೇಯಿ. ನಾಳೆ ನಿನ್ನ ಇಂಟರ್‌ವ್ಯೂ ಮಧ್ಯ ನಿಂತುಹೋದ್ರೆ?"

"ಅದೇ ಹಳೇದು ಹಬ್ಬಕ್ಕೆ ಮುಂಚೆ ಚೆನ್ನಾಗೇ ಇತ್ತಲ್ಲ. ಅತ್ತೆ ಬೊಂಬೆ ಕೂರಿಸಿದ ಮೇಲೆ ತಾನೇ ಕೈಕೊಟ್ಟಿದ್ದು?"

"ಬೊಂಬೆ ಏನ್ಮಾಡತ್ತೆ?"

"ಬೊಂಬೆ ಅಲ್ಲ ರೀ, ಮೆಟ್ಟಿಲಿಗೆ ಅಂತ ಜೋಡಿಸಿರೋ ಕಬ್ಬಿಣದ ಟ್ರಂಕುಗಳು. ರೂಟರ್ ಅದರ ಹಿಂದೆ ಸಿಕ್ಕೊಂಡಿದೆ. ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡ್ಕೊಂಡು ಹಿಂದೆ ತೂರಿ ನೋಡ್ದೆ. ಅಲ್ಲಿ ಪೂರ್ತಿ ಸ್ಪೀಡ್, ರೂಮಿಗೆ ಬಂದ್ರೆ ಏನೂ ಇಲ್ಲ."

ನಾನು ತಲೆದೂಗುವುದರಲ್ಲಿದ್ದೆ, ತಡೆದುಕೊಂಡೆ.

"ಹೊಸದು ಸ್ಟ್ರಾಂಗ್ ಇರತ್ತೆ."

"ಕೇಬಲ್ ಬಂದಿರೋದೇ ಆ ಮೂಲೆಗೆ. ಹೊಸದನ್ನೂ ಟ್ರಂಕಿನ ಹಿಂದೇನೇ ಇಡ್ಬೇಕು. ಟ್ರಂಕು ಸರಿಸಿದ್ರೆ ಸಾಕು."

"ವಿಜಯದಶಮಿಗೆ ಮುಂಚೆ ಪಟ್ಟದ ಬೊಂಬೆ ಅಲುಗಾಡಿಸ್ತಾರಾ? ಅಮ್ಮ ಊಟ ಬಿಡ್ತಾರೆ. ನೀನು ಹಿಂದೆ ಕೂತೇ ಮಾತಾಡು."

"ಬಗ್ಗಿಕೊಂಡಾ? ಎರಡು ವರ್ಷದಲ್ಲಿ ಬಂದಿರೋದು ಇದೊಂದೇ ಕರೆ. ಫೋನ್ ಮಾಡಿ ಅತ್ತೇನ ಕೇಳಿ."

ಗಂಡ ಫೋನನ್ನೇ ದಿಟ್ಟಿಸಿ ಕೊನೆಗೆ ಒತ್ತಿದರು.

"ಅಮ್ಮಾ... ಕಾಫಿ ಆಯ್ತಾ?"

ಮೈತ್ರೇಯಿ ಫೋನ್ ಕಿತ್ತುಕೊಂಡರು.

"ಅತ್ತೆ, ನಾನು. ಸಂಜೆ ಬೊಂಬೆ ಇಳಿಸ್ಬೇಕು. ನಾನೇ ಇಳಿಸ್ತೀನಿ, ನಾಳೆ ನಾನೇ ಮತ್ತೆ ಕೂರಿಸ್ತೀನಿ."

ಆ ಕಡೆಯಿಂದ ಏನು ಉತ್ತರ ಬಂತೋ ಕೇಳಿಸಲಿಲ್ಲ. ಮೈತ್ರೇಯಿ ಗಂಡನ ಕಂಕುಳಿಂದ ಡಬ್ಬವನ್ನು ಎಳೆದು ಕಪಾಟಿನಲ್ಲಿಟ್ಟರು. ಫೋನ್ ಕಿವಿಯಲ್ಲಿರುವಂತೆಯೇ ಹೊರಗೆ ನಡೆದರು. ಗಂಡ ಬರಿಗೈಯಲ್ಲಿ ಹಿಂಬಾಲಿಸಿದರು.